ಕ್ಯಾನ್ಸರಿನಿಂದ ಶ್ವಾಸಕೋಶದ ಸುತ್ತ ನೀರು: ಮತ್ತೆ ಮತ್ತೆ ತೆಗೆಸುವುದೇ, ಬೇರೆ ದಾರಿ ಹಿಡಿಯುವುದೇ?

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೇವೆ, ಊರು ಕುಂದಾಪುರದ ಹತ್ತಿರ. ನನ್ನ ತಾಯಿಗೆ 62 ವರ್ಷ. ಆರು ವರ್ಷಗಳ ಹಿಂದೆ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ ಎಲ್ಲ ಆಗಿ ಆರೋಗ್ಯವಾಗಿದ್ದರು. ಈಗ ಎರಡು ತಿಂಗಳಿಂದ ಏದುಸಿರು. ಬಲಗಡೆ ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು. ಆ ನೀರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಜೀವಕೋಶಗಳು ಕಂಡಿವೆ. ಐದು ವಾರದಲ್ಲಿ ಮೂರು ಸಲ ನೀರು ತೆಗೆಸಿದ್ದೇವೆ, ಪ್ರತಿ ಸಲವೂ ಒಂದು ಲೀಟರಿಗಿಂತ ಹೆಚ್ಚು. ತೆಗೆಸಿದ ಮೇಲೆ ಆರಾಮ, ಹತ್ತು ಹನ್ನೆರಡು ದಿನಕ್ಕೆ ಮತ್ತೆ ಅದೇ ಸ್ಥಿತಿ. ಡಾಕ್ಟರು ಈಗ ‘ಪೌಡರ್ ಹಾಕಿ ಅಂಟಿಸುವುದು’ ಅಥವಾ ‘ಮನೆಯಲ್ಲೇ ನೀರು ತೆಗೆಯುವ ನಳಿಕೆ’ ಎಂದು ಎರಡು ದಾರಿ ಹೇಳಿದ್ದಾರೆ. ನೆಂಟರು, ಸೂಜಿ ಹಾಕಿದಷ್ಟೂ ನೀರು ಹೆಚ್ಚುತ್ತದೆ, ಕ್ಯಾನ್ಸರ್ ಹರಡುತ್ತದೆ ಎನ್ನುತ್ತಾರೆ. ಹೆದರಿ ಅಮ್ಮನಿಗೆ ಕುಡಿಯುವ ನೀರನ್ನೂ ಕಡಿಮೆ ಮಾಡಿದ್ದೇವೆ. ರೋಗ ಮರುಕಳಿಸಿದ್ದನ್ನು ಅವರಿಗೆ ಹೇಳಿಲ್ಲ. ಕಫ ಕಟ್ಟಿದೆ ಎಂದಿದ್ದೇವೆ. ಅವರಿಗೆ ಒಮ್ಮೆ ಊರಿಗೆ ಹೋಗಿ ಬರುವ ಆಸೆ. ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಪ್ರಶ್ನೆಯ ಹಿಂದೆ ಹಲವು ಭಯಗಳಿವೆ. ಮೂರು ಸಲ ನೀರು ತೆಗೆಸಿದ್ದರಿಂದಲೇ ತಾಯಿಗೆ ಕೆಡುಕಾಯಿತೇನೋ ಎಂಬ ಕೊರಗು ಅವುಗಳಲ್ಲಿ ಮೊದಲನೆಯದು. ಅದನ್ನು ಈಗಲೇ ಬಿಟ್ಟುಬಿಡಿ, ನೀವು ಮಾಡಿಸಿದ್ದು ಸರಿಯಾದ ಕೆಲಸ. ಆದರೆ ಇಷ್ಟು ಬೇಗ ಬೇಗ ತುಂಬುವ ನೀರಿಗೆ ನಾಲ್ಕನೆಯ, ಐದನೆಯ ಸಲವೂ ಸೂಜಿಯನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ, ಮತ್ತು ನಿಮ್ಮ ವೈದ್ಯರು ಬೇರೆ ದಾರಿಯ ಮಾತೆತ್ತಿರುವುದು ಸಕಾಲಿಕವಾಗಿಯೇ ಇದೆ. ಆ ಎರಡು ದಾರಿಗಳಲ್ಲಿ ಯಾವುದು ಎಂಬುದು ಬಹುಮಟ್ಟಿಗೆ ಎರಡು ಸಂಗತಿಗಳ ಮೇಲೆ ನಿಂತಿದೆ: ನೀರು ತೆಗೆದಾಗ ಉಸಿರು ನಿಜವಾಗಿ ಹಗುರಾಯಿತೇ, ಮತ್ತು ನೀರು ಹೋದ ಜಾಗಕ್ಕೆ ಶ್ವಾಸಕೋಶ ಪೂರ್ತಿ ಬಿಚ್ಚಿಕೊಂಡು ಬಂದು ತುಂಬಿತೇ. ಮೊದಲನೆಯದಕ್ಕೆ ನಿಮ್ಮ ಪತ್ರದಲ್ಲಿ ಉತ್ತರವಿದೆ. ಎರಡನೆಯದಕ್ಕೆ ಇಲ್ಲ. ಹಾಗಾಗಿ ಮುಂದಿನ ಭೇಟಿಯಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಅದೇ: ‘ನೀರು ತೆಗೆದ ಮೇಲಿನ ಎಕ್ಸ್‌ರೇಯಲ್ಲಿ ಶ್ವಾಸಕೋಶ ಪೂರ್ತಿ ಅರಳಿತ್ತೇ?’

ಈ ನೀರು ಎಲ್ಲಿದೆ, ಏಕೆ ಬರುತ್ತದೆ ಎಂಬುದು ತಿಳಿದರೆ ನೆಂಟರ ಮಾತುಗಳನ್ನು ತೂಗಿ ನೋಡುವುದು ಸುಲಭ. ನೀರು ಇರುವುದು ಶ್ವಾಸಕೋಶದ ಒಳಗಲ್ಲ, ಅದರ ಹೊರಗೆ. ಶ್ವಾಸಕೋಶವನ್ನು ಒಂದು ತೆಳು ಪೊರೆ ಸುತ್ತಿಕೊಂಡಿರುತ್ತದೆ, ಎದೆಗೂಡಿನ ಒಳಮೈಯನ್ನು ಇನ್ನೊಂದು ಪೊರೆ ಹೊದ್ದಿರುತ್ತದೆ. ಎರಡಕ್ಕೂ ಪ್ಲೂರಾ ಎಂದೇ ಹೆಸರು. ಇವುಗಳ ನಡುವೆ ಆರೋಗ್ಯವಂತರಲ್ಲೂ ಹತ್ತಿಪ್ಪತ್ತು ಮಿಲಿಲೀಟರ್‌ನಷ್ಟು ದ್ರವ ಇದ್ದೇ ಇರುತ್ತದೆ, ಉಸಿರಾಡುವಾಗ ಪೊರೆಗಳು ಒಂದರ ಮೇಲೊಂದು ಜಾರಲು ಅದು ಬೇಕು. ದಿನವೂ ಹೊಸ ದ್ರವ ಒಸರುತ್ತದೆ, ದಿನವೂ ಹೊರಪೊರೆಯಲ್ಲಿರುವ ಸೂಕ್ಷ್ಮ ದುಗ್ಧನಾಳಗಳು, ಅಂದರೆ ಒಸರಿದ ದ್ರವವನ್ನು ರಕ್ತಕ್ಕೆ ಮರಳಿಸುವ ಕೊಳವೆಗಳು, ಅದನ್ನು ಹೀರಿಕೊಳ್ಳುತ್ತವೆ. ಕ್ಯಾನ್ಸರ್ ಈ ಪೊರೆಗೆ ತಲುಪಿದಾಗ ಎರಡು ಕಡೆಯಿಂದ ಏಟು ಬೀಳುತ್ತದೆ. ಗಡ್ಡೆಯ ಜೀವಕೋಶಗಳು ಬಿಡುಗಡೆ ಮಾಡುವ ರಾಸಾಯನಿಕಗಳಿಂದ ರಕ್ತನಾಳಗಳು ಸಡಿಲವಾಗಿ ಒಸರುವಿಕೆ ಹೆಚ್ಚುತ್ತದೆ. ಅದೇ ಜೀವಕೋಶಗಳು ದುಗ್ಧನಾಳಗಳ ಬಾಯಿಯಲ್ಲೂ, ಎದೆಯ ನಡುವಿನ ಗ್ರಂಥಿಗಳಲ್ಲೂ ಕುಳಿತು ಹೀರುವ ದಾರಿಯನ್ನು ಮುಚ್ಚುತ್ತವೆ. ಜುಲೈ ತಿಂಗಳ ಮಳೆಗೆ ಮುಂಬಯಿಯ ಮೋರಿ ಕಟ್ಟಿಕೊಂಡರೆ ಗಲ್ಲಿಯಲ್ಲಿ ನೀರು ನಿಲ್ಲುತ್ತದಲ್ಲ, ಇಲ್ಲಿ ಆಗುವುದೂ ಅದೇ.

ಇದರಿಂದ ಒಂದು ಮಾತು ತಾನಾಗಿಯೇ ಸ್ಪಷ್ಟವಾಗುತ್ತದೆ. ನೀರು ಮತ್ತೆ ಬರುವುದು ಸೂಜಿ ಹಾಕಿದ ಕಾರಣಕ್ಕಲ್ಲ, ಒಳಗಿನ ಕಾರಣ ಹಾಗೆಯೇ ಉಳಿದಿರುವುದಕ್ಕೆ. ಸೂಜಿಯಿಂದ ಖಾಲಿ ಮಾಡಿದ ಕ್ಯಾನ್ಸರ್ ನೀರು ಬಹಳಷ್ಟು ರೋಗಿಗಳಲ್ಲಿ ಒಂದು ತಿಂಗಳೊಳಗೆ ಮರಳುತ್ತದೆ. ತೆಗೆಯದೆ ಬಿಟ್ಟಿದ್ದರೂ ಅದು ಏರುತ್ತಲೇ ಇರುತ್ತಿತ್ತು, ನಡುವೆ ಸಿಕ್ಕ ನೆಮ್ಮದಿಯ ದಿನಗಳು ಮಾತ್ರ ಸಿಗುತ್ತಿರಲಿಲ್ಲ. ಸೂಜಿಯಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೂ ನಿಮ್ಮ ತಾಯಿಯ ವಿಷಯದಲ್ಲಿ ಬೆಲೆ ಕೊಡಬೇಕಾಗಿಲ್ಲ. ಸೂಜಿ ಅಥವಾ ನಳಿಕೆ ಹೋದ ದಾರಿಯಲ್ಲಿ ಚರ್ಮದಡಿ ಗಂಟು ಬೆಳೆಯುವುದು ಮುಖ್ಯವಾಗಿ ಕಾಣುವುದು ಪ್ಲೂರಾದಲ್ಲೇ ಹುಟ್ಟುವ ಮೀಸೋಥೀಲಿಯೋಮಾ ಎಂಬ ಬೇರೆಯ ಕ್ಯಾನ್ಸರಿನಲ್ಲಿ. ಸ್ತನ ಕ್ಯಾನ್ಸರಿನಲ್ಲಿ ಅದು ಅಪರೂಪ.

ಕುಡಿಯುವ ನೀರನ್ನು ಕಡಿಮೆ ಮಾಡಿರುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಕುಡಿದ ನೀರು ನೇರವಾಗಿ ಅಲ್ಲಿಗೆ ಹೋಗಿ ಸೇರುವುದಿಲ್ಲ. ಹೃದಯ ಅಥವಾ ಮೂತ್ರಪಿಂಡದ ದೌರ್ಬಲ್ಯದಿಂದ ನೀರು ತುಂಬಿದವರಿಗೆ ಹೇಳುವ ಪಥ್ಯವನ್ನು ಯಾರೋ ನಿಮಗೂ ಹೇಳಿರಬೇಕು. ಅದೇ ಕಾರಣಕ್ಕೆ, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ಈ ನೀರು ಇಳಿಯುವುದಿಲ್ಲ. ನೀರು ಕುಡಿಯದಿದ್ದರೆ ಆಗುವುದು ಮಲಬದ್ಧತೆ, ಸುಸ್ತು, ತಲೆಸುತ್ತು ಅಷ್ಟೆ. ನೆಂಟರ ಮಾತುಗಳಲ್ಲಿ ಸತ್ಯಕ್ಕೆ ಹತ್ತಿರವಾದದ್ದೂ ಒಂದಿರುತ್ತದೆ: ನೀರಿನೊಂದಿಗೆ ಪ್ರೋಟೀನ್ ಹೋಗುತ್ತದೆ. ಹೌದು, ಈ ದ್ರವದಲ್ಲಿ ಪ್ರೋಟೀನ್ ಸಾಕಷ್ಟಿರುತ್ತದೆ. ಅದಕ್ಕೆ ಪರಿಹಾರ ನೀರನ್ನು ಒಳಗೇ ಬಿಡುವುದಲ್ಲ. ತಾಯಿಗೆ ರುಚಿಸುವ ಮೊಟ್ಟೆ, ಮೀನು, ಬೇಳೆ, ಮೊಸರನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡುವುದು. ಹೊಟ್ಟೆ ತುಂಬ ಉಂಡರೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರ, ಮೇಲಕ್ಕೆ ಒತ್ತಿ ಉಸಿರು ಇನ್ನಷ್ಟು ಬಿಗಿಯುತ್ತದೆ, ಆದ್ದರಿಂದ ಸಣ್ಣ ಊಟವೇ ಮೇಲು.

ಇಲ್ಲಿ ಒಂದು ಮಾತು, ನಿಮಗಿಂತ ಹೆಚ್ಚಾಗಿ ಇದನ್ನು ಓದುವ ಇತರರಿಗೆ. ಕ್ಯಾನ್ಸರ್ ಇದ್ದವರ ಎದೆಯಲ್ಲಿ ಕಂಡ ನೀರೆಲ್ಲ ಕ್ಯಾನ್ಸರಿನದೇ ಆಗಿರಬೇಕಿಲ್ಲ. ಹೃದಯದ ತೊಂದರೆ, ನ್ಯುಮೋನಿಯಾ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ದೇಶದಲ್ಲಿ ಕ್ಷಯ, ಇವುಗಳಿಂದಲೂ ನೀರು ತುಂಬುತ್ತದೆ. ಇದರ ಮಗ್ಗುಲಿನ ಇನ್ನೊಂದು ತಪ್ಪು ಮುಂಬಯಿ, ಠಾಣೆಯ ಕಡೆ ನಾನು ಆಗಾಗ ಕಾಣುವಂಥದ್ದು: ನೀರಿನಲ್ಲಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಹೆಚ್ಚಿವೆ ಎಂದ ಕೂಡಲೇ ಎಕೆಟಿ, ಅಂದರೆ ಕ್ಷಯದ ಮಾತ್ರೆ, ಶುರುವಾಗಿ ತಿಂಗಳುಗಳು ಕಳೆದುಹೋಗುತ್ತವೆ, ಕ್ಯಾನ್ಸರಿನ ನೀರಿನಲ್ಲೂ ಅದೇ ಕಣಗಳು ಹೆಚ್ಚಿರುತ್ತವೆ. ನೀರಿನಲ್ಲಿ ಕ್ಯಾನ್ಸರ್ ಜೀವಕೋಶ ಹುಡುಕುವ ಸೈಟಾಲಜಿ ಪರೀಕ್ಷೆ ಸುಮಾರು ನೂರಕ್ಕೆ ಅರವತ್ತು ಮಂದಿಯಲ್ಲಿ ಮಾತ್ರ ಕ್ಯಾನ್ಸರನ್ನು ಹಿಡಿಯುತ್ತದೆ. ವರದಿ ಸ್ವಚ್ಛವಾಗಿ ಬಂದರೂ ಸಂಶಯ ಉಳಿದಿದ್ದರೆ ಥೊರಕೋಸ್ಕೋಪಿಯಲ್ಲಿ, ಅಂದರೆ ಎದೆಯೊಳಗೆ ದರ್ಶಕ ನಳಿಕೆ ಇಳಿಸಿ, ಪೊರೆಯನ್ನು ಕಣ್ಣಾರೆ ನೋಡಿ ತುಣುಕು ತೆಗೆದು ಪರೀಕ್ಷಿಸಬೇಕು. ನಿಮ್ಮ ತಾಯಿಯ ವಿಷಯದಲ್ಲಿ ಜೀವಕೋಶಗಳು ಸಿಕ್ಕಿರುವುದರಿಂದ ಈ ಗೊಂದಲವಿಲ್ಲ.

ಆದರೆ ಆ ನೀರಿನಿಂದ ಇನ್ನೂ ತಿಳಿಯಬೇಕಾದದ್ದಿದೆ. ಸ್ತನ ಕ್ಯಾನ್ಸರ್ ಮರುಕಳಿಸುವಾಗ ಯಾವ ಔಷಧ ನಾಟುತ್ತದೆ ಎಂಬುದನ್ನು ಸೂಚಿಸುವ ಹಾರ್ಮೋನ್ ರಿಸೆಪ್ಟರ್ ಮತ್ತು ಹರ್-2 ಗುಣಗಳು ಮೊದಲಿನಂತೆಯೇ ಇರುತ್ತವೆ ಎಂದು ಹೇಳಲಾಗದು. ತೆಗೆದ ನೀರಿನಲ್ಲಿರುವ ಜೀವಕೋಶಗಳನ್ನು ಒಟ್ಟುಗೂಡಿಸಿ ಗಟ್ಟಿ ತುಣುಕಾಗಿಸಿ (ಸೆಲ್ ಬ್ಲಾಕ್) ಇವನ್ನು ಮತ್ತೆ ಪರೀಕ್ಷಿಸಬಹುದು. ಹಾರ್ಮೋನಿಗೆ ಸ್ಪಂದಿಸುವ ರೋಗವಾಗಿದ್ದರೆ ಹಾರ್ಮೋನ್ ಮಾತ್ರೆಯ ಜೊತೆಗೆ ಪಾಲ್ಬೊಸಿಕ್ಲಿಬ್‌ನಂಥ ಔಷಧಗಳನ್ನು ಕೊಡುತ್ತಾರೆ. 2023ರಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಇಲ್ಲಿಯ ಕಂಪನಿಗಳ ಮಾತ್ರೆ ಬಂದ ಮೇಲೆ ಬೆಲೆಯೂ ಬಹಳ ಇಳಿದಿದೆ. ಇಂಥ ಚಿಕಿತ್ಸೆಗೆ ರೋಗ ಸ್ಪಂದಿಸಿದರೆ ನೀರು ಒಸರುವುದೇ ಕಡಿಮೆಯಾಗುತ್ತದೆ. ಆದರೆ ಮಾತ್ರೆ ಕೆಲಸ ತೋರಿಸಲು ವಾರಗಳು ಬೇಕು. ಅಷ್ಟು ದಿನ ತಾಯಿ ಏದುಸಿರಲ್ಲಿ ಕಾಯಬೇಕಾಗಿಲ್ಲ, ಎದೆಯ ನೀರಿಗೂ ರೋಗಕ್ಕೂ ಒಟ್ಟೊಟ್ಟಿಗೇ ಚಿಕಿತ್ಸೆ ನಡೆಯಬಹುದು.

ಈಗ ದಾರಿಗಳ ವಿಚಾರಕ್ಕೆ ಬರೋಣ. ಸೂಜಿಯಿಂದ ನೀರು ತೆಗೆಯುವುದು ಸರಳ: ರೋಗಿ ಮೇಜಿನ ಮೇಲಿನ ದಿಂಬಿಗೆ ಒರಗಿ ಕುಳಿತಿರುತ್ತಾರೆ, ಸೋನೋಗ್ರಫಿಯಲ್ಲಿ ನೀರಿನ ಜಾಗ ನೋಡಿ, ಮರಗಟ್ಟಿಸಿ, ಪಕ್ಕೆಲುಬಿನ ಮೇಲಂಚಿನಲ್ಲಿ ಸೂಜಿ ಹಾಕುತ್ತಾರೆ. ಒಂದೂವರೆ ಲೀಟರಿಗಿಂತ ಹೆಚ್ಚನ್ನು ಸಾಮಾನ್ಯವಾಗಿ ಒಂದೇ ಸಲಕ್ಕೆ ತೆಗೆಯುವುದಿಲ್ಲ. ಬಹಳ ದಿನ ಮುದುಡಿಕೊಂಡಿದ್ದ ಶ್ವಾಸಕೋಶ ಏಕಾಏಕಿ ಬಿಚ್ಚಿಕೊಂಡರೆ ಅದರ ಒಳಗೇ ನೀರು ಒಸರಿ ಉಸಿರಿಗೆ ಅಪಾಯವಾಗಬಹುದು. ನೀರು ಹೊರಬರುತ್ತಿರುವಾಗ ಎದೆ ಬಿಗಿದಂತೆ ನೋವಾದರೆ ಅಥವಾ ಕೆಮ್ಮು ಒತ್ತರಿಸಿ ಬಂದರೆ ತಡೆಯದೆ ಹೇಳುವಂತೆ ತಾಯಿಗೆ ತಿಳಿಸಿ. ಅಂಥ ನೋವು ವೈದ್ಯರಿಗೆ ಮುಖ್ಯ ಸುಳಿವು, ಶ್ವಾಸಕೋಶ ಬಿಚ್ಚಿಕೊಳ್ಳಲಾರದೆ ಇದೆ ಎಂಬುದರ ಸೂಚನೆ ಅದು. ಸೂಜಿ ಯಾರಿಗೆ ಸರಿ ಎಂದರೆ, ನೀರು ತುಂಬಲು ತಿಂಗಳುಗಳೇ ಹಿಡಿಯುವವರಿಗೆ, ಮತ್ತು ಬೇರೆ ಯಾವ ವಿಧಾನವನ್ನೂ ತಾಳಲಾರದಷ್ಟು ನಿತ್ರಾಣರಾದವರಿಗೆ. ಹತ್ತು ದಿನಕ್ಕೊಮ್ಮೆ ತುಂಬುವವರಿಗೆ ಪ್ರತಿ ಸಲವೂ ಗಾಳಿ ಸೋರುವ, ಸೋಂಕು ತಗುಲುವ ಚಿಕ್ಕ ಅಪಾಯ, ಒಳಗೆ ಜೇಡನ ಬಲೆಯಂಥ ಪದರಗಳು ಕಟ್ಟಿಕೊಂಡು ನೀರು ಕೋಣೆ ಕೋಣೆಯಾಗಿ ಸಿಕ್ಕಿಕೊಳ್ಳುವ ಸಾಧ್ಯತೆ, ಇದರ ಮೇಲೆ ಡೊಂಬಿವಲಿಯ ಲೋಕಲ್‌ನಲ್ಲಿ ಆ ಸ್ಥಿತಿಯಲ್ಲಿ ಹೋಗಿಬರುವ ಪಾಡು.

ಪೌಡರ್ ಹಾಕಿ ಅಂಟಿಸುವುದಕ್ಕೆ ಪ್ಲೂರೋಡೆಸಿಸ್ ಎನ್ನುತ್ತಾರೆ. ಎದೆಯೊಳಗೆ ನಳಿಕೆ ಇಟ್ಟು ನೀರನ್ನೆಲ್ಲ ಇಳಿಸಿ, ಶ್ವಾಸಕೋಶ ಎದೆಗೂಡಿಗೆ ತಾಗಿದೆ ಎಂಬುದನ್ನು ಎಕ್ಸ್‌ರೇಯಲ್ಲಿ ಖಚಿತಪಡಿಸಿಕೊಂಡು, ಸುಮಾರು 4 ಗ್ರಾಂ ಶುದ್ಧೀಕರಿಸಿದ ಟಾಲ್ಕನ್ನು ಸಲೈನಿನಲ್ಲಿ ಕಲಸಿ ಅದೇ ನಳಿಕೆಯಿಂದ ಒಳಗೆ ಬಿಡುತ್ತಾರೆ. ಎರಡೂ ಪೊರೆಗಳಲ್ಲಿ ಉರಿಯೂತವಾಗಿ ಅವು ಬೆಸೆದುಕೊಳ್ಳುತ್ತವೆ, ನೀರು ನಿಲ್ಲಲು ಜಾಗವೇ ಇರುವುದಿಲ್ಲ. ಇದು ಮುಖಕ್ಕೆ ಹಚ್ಚುವ ಪೌಡರ್ ಅಲ್ಲ. ಕಣಗಳು ತೀರ ಸಣ್ಣದಾಗಿ ರಕ್ತಕ್ಕೆ ಸೇರದಂತೆ ಸೋಸಿ ತಯಾರಿಸಿದ್ದು. ಅಂಥ ಟಾಲ್ಕ್ ಸಿಗದ ಕಡೆ, ಖರ್ಚು ಕಡಿಮೆ ಇರಬೇಕಾದ ಕಡೆ, ನಮ್ಮಲ್ಲಿ ಪೊವಿಡೋನ್ ಅಯೋಡಿನ್ ಬಳಸುವುದು ಸಾಕಷ್ಟು ರೂಢಿಯಲ್ಲಿದೆ. ತಾಯಿಗೆ ಥೈರಾಯ್ಡ್ ತೊಂದರೆ ಅಥವಾ ಅಯೋಡಿನ್ ಒಗ್ಗದಿರುವಿಕೆ ಇದ್ದರೆ ಅದನ್ನು ಮೊದಲೇ ಹೇಳಬೇಕು. ಇದರ ಲಾಭವೆಂದರೆ, ಕೆಲವು ದಿನ ಆಸ್ಪತ್ರೆಯಲ್ಲಿದ್ದು ಮುಗಿಸಿಬಿಟ್ಟರೆ ಮೈಮೇಲೆ ಯಾವ ನಳಿಕೆಯೂ ಉಳಿಯುವುದಿಲ್ಲ. ತೊಂದರೆಯೆಂದರೆ ನೋವು ಮತ್ತು ಒಂದೆರಡು ದಿನದ ಜ್ವರ. ಅಪರೂಪಕ್ಕೆ ಶ್ವಾಸಕೋಶಕ್ಕೇ ಉರಿಯೂತ ತಗುಲಿ ಆಮ್ಲಜನಕ ಇಳಿಯುವುದೂ ಉಂಟು. ನಾಲ್ಕು ಮಂದಿಯಲ್ಲಿ ಸುಮಾರು ಒಬ್ಬರಿಗೆ ಅಂಟು ಹಿಡಿಯದೆ ನೀರು ಮರಳುತ್ತದೆ. ನೋವಿಗೆ ಧಾರಾಳವಾಗಿ ಔಷಧ ಕೊಡಿಸಿಕೊಳ್ಳಿ. ನೋವಿನ ಮಾತ್ರೆ ಕೊಟ್ಟರೆ ಅಂಟು ಹಿಡಿಯುವುದಿಲ್ಲ ಎಂದು ಬ್ರೂಫೆನ್‌ನಂಥವನ್ನು ತಡೆಹಿಡಿಯುವ ಹಳೆಯ ಪದ್ಧತಿಗೆ ಆಧಾರವಿಲ್ಲವೆಂದು ಅಧ್ಯಯನದಿಂದಲೇ ತಿಳಿದುಬಂದಿದೆ.

ಇಲ್ಲಿಯೇ ನಾನು ಮೊದಲು ಹೇಳಿದ ಪ್ರಶ್ನೆಗೆ ತೂಕ ಬರುವುದು. ಗಡ್ಡೆಯ ಪದರ ಶ್ವಾಸಕೋಶದ ಮೇಲೆ ಬಿಗಿಯಾಗಿ ಕುಳಿತು ಅದು ಬಿಚ್ಚಿಕೊಳ್ಳದಂತಾಗಿದ್ದರೆ, ಎರಡು ಪೊರೆಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಮುಟ್ಟದವುಗಳನ್ನು ಯಾವ ಪೌಡರೂ ಅಂಟಿಸಲಾರದು. ಅಂಥವರಿಗೆ ಪ್ಲೂರೋಡೆಸಿಸ್ ಮಾಡಿದರೆ ನೋವು, ಖರ್ಚು, ಆಸ್ಪತ್ರೆವಾಸ ಮಾತ್ರ ಉಳಿಯುತ್ತದೆ.

ಅವರಿಗೆ ಸರಿಯಾದದ್ದು ಎರಡನೆಯ ದಾರಿ. ಬೆರಳಿಗಿಂತ ಬಹಳ ಸಣ್ಣದಾದ ಮೆದು ಸಿಲಿಕೋನ್ ನಳಿಕೆಯನ್ನು ಚರ್ಮದಡಿ ಸ್ವಲ್ಪ ದೂರ ಹಾಯಿಸಿ ಎದೆಯೊಳಗೆ ಇಳಿಸುತ್ತಾರೆ. ಪೂರ್ಣ ಅರಿವಳಿಕೆ ಬೇಡ, ಬಹುತೇಕ ಅದೇ ದಿನ ಮನೆಗೆ ಬರಬಹುದು. ನಳಿಕೆಯ ಹೊರತುದಿಯಲ್ಲಿ ತಾನಾಗಿ ಮುಚ್ಚಿಕೊಳ್ಳುವ ಕವಾಟ ಇರುತ್ತದೆ. ದಿನ ಬಿಟ್ಟು ದಿನ, ಅಥವಾ ಏದುಸಿರಿಗೆ ತಕ್ಕಂತೆ, ಮನೆಯವರು ಕೈಯನ್ನು ಸಾಬೂನಿನಿಂದ ತೊಳೆದು, ಗ್ಲೌಸ್ ಹಾಕಿ, ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಬಾಟಲಿ ಜೋಡಿಸಿ ಕ್ಲಾಂಪ್ ಬಿಡಬೇಕು. ಒಣಹುಲ್ಲಿನ ಬಣ್ಣದ ಅಥವಾ ಕೆಂಪುಛಾಯೆಯ ನೀರು ಹರಿಯತೊಡಗುತ್ತದೆ; ಕೆಂಪು ಕಂಡು ಗಾಬರಿಯಾಗಬೇಡಿ, ಈ ರೋಗದಲ್ಲಿ ಅದು ಸಾಮಾನ್ಯ. ಕೆಮ್ಮು ಅಥವಾ ನೋವು ಬಂದಲ್ಲಿಗೆ ಕ್ಲಾಂಪ್ ಹಾಕಿ ನಿಲ್ಲಿಸಬೇಕು, ಒಂದು ಲೀಟರಿನ ಆಚೆ ಹೋಗಬಾರದು. ನಂತರ ತುದಿಗೆ ಹೊಸ ಮುಚ್ಚಳ, ಮೇಲೆ ಹೊಸ ಬ್ಯಾಂಡೇಜ್. ಬಂದ ಅಳತೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನೊಂದಿಗೆ ಬರೆದಿಡಿ. ನರ್ಸ್ ಎದುರಿನಲ್ಲಿ ಒಂದೆರಡು ಸಲ ಮಾಡಿದರೆ ಕಲಿಯಬಹುದಾದ ಕೆಲಸ ಇದು. ಎರಡು ಕೋಣೆಯ ಮನೆಯಲ್ಲಿ ಸಾಧ್ಯವೇ ಎಂದು ನಿಮಗೆ ಅನ್ನಿಸಬಹುದು. ಬೇಕಾದದ್ದು ಒಂದು ಸ್ವಚ್ಛ ಮೇಜು, ಒಳ್ಳೆಯ ಬೆಳಕು, ಗಡಿಬಿಡಿಯಿಲ್ಲದ ಅರ್ಧ ಗಂಟೆ. ಇದಕ್ಕಿಂತ ಚಿಕ್ಕ ಮನೆಗಳಲ್ಲೂ ಸೊಸೆಯಂದಿರು, ಮಕ್ಕಳು ಇದನ್ನು ಅಚ್ಚುಕಟ್ಟಾಗಿ ಮಾಡುವುದನ್ನು ಕಂಡಿದ್ದೇನೆ.

ತೊಡಕು ಹೆಚ್ಚಾಗಿ ಹಣದ್ದು. ನಳಿಕೆಯ ಬೆಲೆ ಒಂದು ಸಲದ್ದು, ನಿರ್ವಾತ ಬಾಟಲಿಗಳ ಖರ್ಚು ಮಾತ್ರ ಮುಗಿಯುವುದೇ ಇಲ್ಲ. ಸರಿಯಾದ ಕನೆಕ್ಟರ್ ಇದ್ದರೆ ಎಷ್ಟೋ ಕಡೆ ಬಾಟಲಿಯ ಬದಲು ಹಾಸಿಗೆಗಿಂತ ಕೆಳಗಿಟ್ಟ ಶುದ್ಧ ಡ್ರೈನೇಜ್ ಚೀಲಕ್ಕೆ ನೀರನ್ನು ಇಳಿಸುತ್ತಾರೆ. ನಳಿಕೆ ಹಾಕಿಸುವ ಮೊದಲೇ ಇದನ್ನೂ, ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಏನೆಲ್ಲ ಬರುತ್ತದೆ ಎಂಬುದನ್ನೂ ಆಸ್ಪತ್ರೆಯ ಸಮಾಜಸೇವಕರ ಹತ್ತಿರ ಕೇಳಿ. ಸೋಂಕಿನ ಅಪಾಯ ನೂರಕ್ಕೆ ಐದರ ಆಸುಪಾಸು. ಹೆಚ್ಚಿನವು ನಳಿಕೆ ತೆಗೆಯದೆಯೇ ಆಂಟಿಬಯಾಟಿಕ್‌ಗೆ ಗುಣವಾಗುತ್ತವೆ. ನಳಿಕೆ ಇದ್ದರೂ ಕೀಮೋ ನಡೆಸಬಹುದು. ಇನ್ನೊಂದು ಸಮಾಧಾನದ ವಿಷಯವಿದೆ: ನಿಯಮಿತವಾಗಿ ಖಾಲಿ ಮಾಡುತ್ತ ಹೋದಂತೆ ಕೆಲವರಲ್ಲಿ ಪೊರೆಗಳು ತಾವಾಗಿಯೇ ಬೆಸೆದುಕೊಳ್ಳುತ್ತವೆ. ಸತತ ಮೂರು ಸಲ 50 ಮಿಲಿಲೀಟರಿಗಿಂತ ಕಡಿಮೆ ಬಂದು, ಎಕ್ಸ್‌ರೇಯಲ್ಲೂ ನೀರು ಕಾಣದಿದ್ದರೆ ನಳಿಕೆಯನ್ನು ತೆಗೆದುಬಿಡಬಹುದು.

ಶ್ವಾಸಕೋಶ ಚೆನ್ನಾಗಿ ಅರಳುತ್ತಿದ್ದರೆ ಎರಡು ದಾರಿಗಳೂ ನಿಮಗೆ ತೆರೆದಿವೆ. ಏದುಸಿರು ಇಳಿಸುವುದರಲ್ಲಿ ಎರಡೂ ಸಮವೆಂದು ಬ್ರಿಟನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2017ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ನಳಿಕೆಯವರು ಆಸ್ಪತ್ರೆಯಲ್ಲಿ ಕಳೆದ ದಿನಗಳು ತುಸು ಕಡಿಮೆ. ಎರಡನ್ನೂ ಕೂಡಿಸುವುದೂ ಉಂಟು: 2018ರ ಅಧ್ಯಯನವೊಂದರಲ್ಲಿ ಮನೆಯ ನಳಿಕೆಯಿಂದಲೇ ಟಾಲ್ಕ್ ಬಿಟ್ಟಾಗ ಐದು ವಾರದಲ್ಲಿ ನೂರಕ್ಕೆ 43 ಮಂದಿಗೆ ಪೊರೆಗಳು ಬೆಸೆದುಕೊಂಡವು, ಟಾಲ್ಕ್ ಇಲ್ಲದೆ 23 ಮಂದಿಗೆ. ನಿಮ್ಮ ಜಾಗದಲ್ಲಿ ನಾನಿದ್ದರೆ, ಶ್ವಾಸಕೋಶ ಅರಳುವುದು ಖಚಿತವಾದರೆ, ಮನೆಯಲ್ಲಿ ಹಗಲು ನೋಡಿಕೊಳ್ಳುವವರು ಇಲ್ಲದಿದ್ದರೆ, ಪ್ಲೂರೋಡೆಸಿಸ್ ಕಡೆಗೆ ವಾಲುತ್ತಿದ್ದೆ. ಅರಳದಿದ್ದರೆ ನಳಿಕೆಯೇ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಊರಿನ ಪ್ರಯಾಣ ಈ ಲೆಕ್ಕದ ಹೊರಗಿನದಲ್ಲ, ಒಳಗಿನದೇ. ಇವೆರಡರಲ್ಲಿ ಒಂದು ಆಗಿ ಉಸಿರು ನೆಲೆಗೆ ಬಂದ ಮೇಲೆ ಮತ್ಸ್ಯಗಂಧ ರೈಲಿನಲ್ಲಿ ಕೆಳಗಿನ ಬರ್ತ್ ಹಿಡಿದು ಹೋಗಬಹುದು. ನಳಿಕೆ ಇದ್ದರೆ ಹೊರಡುವ ದಿನ ನೀರು ಇಳಿಸಿ, ಬ್ಯಾಂಡೇಜ್ ಮತ್ತು ಬಾಟಲಿಗಳನ್ನು ಬೇಕಾದ್ದಕ್ಕಿಂತ ಹೆಚ್ಚೇ ಒಯ್ಯಿರಿ, ಮತ್ತು ಮಣಿಪಾಲದಲ್ಲೋ ಉಡುಪಿಯಲ್ಲೋ ಇಂಥ ನಳಿಕೆ ಗೊತ್ತಿರುವ ವೈದ್ಯರನ್ನು ಮೊದಲೇ ಸಂಪರ್ಕಿಸಿಡಿ.

ತಾಯಿಗೆ ವಿಷಯ ತಿಳಿಸದಿರುವ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ನಿಮ್ಮ ಮುಚ್ಚುಮರೆ ಪ್ರೀತಿಯಿಂದ ಬಂದದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ನಳಿಕೆ ಇರುವುದು ಅವರ ಮೈಮೇಲೆ, ನೋವು ಅನುಭವಿಸುವವರು ಅವರು, ಊರಿಗೆ ಹೋಗುವ ಆಸೆಯೂ ಅವರದು. ಕಫಕ್ಕೆ ಯಾರೂ ಮೂರು ಸಲ ಬೆನ್ನಿಗೆ ಸೂಜಿ ಹಾಕುವುದಿಲ್ಲವೆಂದು ಒಮ್ಮೆ ಕ್ಯಾನ್ಸರ್ ದಾಟಿ ಬಂದ ಅವರಿಗೆ ಗೊತ್ತಾಗದೆ ಇರುವುದು ಕಷ್ಟ. ಎಲ್ಲವನ್ನೂ ಒಂದೇ ದಿನ ಹೇಳಬೇಕೆಂದಿಲ್ಲ. ‘ನಿಮಗೆ ಏನಾಗಿದೆ ಎನ್ನಿಸುತ್ತದೆ? ಎಷ್ಟು ತಿಳಿಯಬೇಕು ಎನ್ನಿಸುತ್ತದೆ?’ ಎಂದು ವೈದ್ಯರ ಎದುರಿನಲ್ಲೇ ಕನ್ನಡದಲ್ಲಿ ಕೇಳಿ. ವೈದ್ಯರು ಮರಾಠಿಯಲ್ಲೋ ಹಿಂದಿಯಲ್ಲೋ ಮಾತಾಡುವವರಾದರೆ ನೀವೇ ನಡುವೆ ನಿಂತು ಮಾತನ್ನು ಮೊಟಕುಗೊಳಿಸದೆ ದಾಟಿಸಿ. ಅವರು ಬೇಡವೆಂದರೆ ಅಲ್ಲಿಗೇ ನಿಲ್ಲಿಸಬಹುದು.

ನೀರು ತೆಗೆದ ಮೇಲೂ ಸ್ವಲ್ಪ ಏದುಸಿರು ಉಳಿಯಬಹುದು. ಆಮ್ಲಜನಕದ ಮಟ್ಟ ಸರಿಯಿದ್ದರೆ ಬಾಡಿಗೆಯ ಆಕ್ಸಿಜನ್ ಯಂತ್ರದಿಂದ ಹೆಚ್ಚಿನ ಲಾಭವಿಲ್ಲ. ಮುಖಕ್ಕೆ ಗಾಳಿ ತಾಗುವಂತೆ ಹಿಡಿದ ಚಿಕ್ಕ ಫ್ಯಾನ್, ಮುಂದಕ್ಕೆ ಒರಗಿ ಕೂರುವುದು, ಯಾವ ಮಗ್ಗುಲಿಗೆ ಹಿತವೋ ಆ ಮಗ್ಗುಲಿಗೆ ಮಲಗುವುದು, ಬೇಕಾದರೆ ಅತಿ ಕಡಿಮೆ ಪ್ರಮಾಣದ ಮಾರ್ಫಿನ್ ಮಾತ್ರೆ ಹೆಚ್ಚು ಕೆಲಸ ಮಾಡುತ್ತವೆ. ಮಾರ್ಫಿನ್ ಎಂದರೆ ಕೊನೆಯ ಔಷಧ, ಚಟ ಹಿಡಿಯುತ್ತದೆ ಎಂಬ ಹೆದರಿಕೆ ಬೇಡ; ವೈದ್ಯರು ಅಳೆದು ಕೊಟ್ಟಾಗ ಅದು ಉಸಿರನ್ನು ನಿಲ್ಲಿಸುವುದಿಲ್ಲ, ಉಸಿರಿನ ಸಂಕಟವನ್ನು ತಗ್ಗಿಸುತ್ತದೆ. ಮಲಬದ್ಧತೆಗೆ ಮಾತ್ರ ಜೊತೆಯಲ್ಲೇ ಔಷಧ ಬೇಕು. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಉಪಶಾಮಕ (ನೋವು, ಸಂಕಟ ತಗ್ಗಿಸುವ) ವಿಭಾಗವಾಗಲಿ, ಪುಣೆಯ ವಾರ್ಜೆಯಲ್ಲಿರುವ ಸಿಪ್ಲಾ ಉಪಶಾಮಕ ಕೇಂದ್ರವಾಗಲಿ, ಬಾಂದ್ರಾದ ಶಾಂತಿ ಆವೇದನಾ ಸದನವಾಗಲಿ ನೋಡಿಕೊಳ್ಳುವುದು ಇಂಥ ಸಂಕಟಗಳನ್ನೇ. ವಾರ್ಜೆಯಂಥ ಕೇಂದ್ರಕ್ಕೆ ರೋಗದ ಆರಂಭದ ಹಂತದಲ್ಲೇ, ಕೀಮೋ ನಡೆಯುತ್ತಿರುವಾಗಲೂ ಹೋಗಬಹುದು.

ಕೊನೆಯದಾಗಿ ಎಚ್ಚರಿಕೆಯ ಲಕ್ಷಣಗಳು. ಸೂಜಿ ಅಥವಾ ನಳಿಕೆಯ ನಂತರ ಇದ್ದಕ್ಕಿದ್ದಂತೆ ಚುಚ್ಚುವ ನೋವಿನೊಂದಿಗೆ ಉಸಿರು ಕಟ್ಟುವುದು, ಚಳಿಜ್ವರ, ನಳಿಕೆಯ ಸುತ್ತ ಕೆಂಪಾಗಿ ಊದಿಕೊಳ್ಳುವುದು, ಬರುವ ನೀರು ಕೀವಿನಂತೆ ಮಂದವಾಗುವುದು, ಒಂದೇ ಕಾಲು ಊದಿಕೊಂಡು ಏದುಸಿರು ಹೆಚ್ಚುವುದು, ಮಾತಾಡುತ್ತಿರುವಾಗಲೇ ಮಂಪರು ಕವಿಯುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಕೊನೆಯ ಎಕ್ಸ್‌ರೇ ಮತ್ತು ಅಳತೆಯ ನೋಟ್‌ಬುಕ್ ಕೈಯಲ್ಲಿ ಹಿಡಿದು ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ. ನಳಿಕೆ ಅಕಸ್ಮಾತ್ ತುಂಡಾದರೆ ಅಥವಾ ಕವಾಟ ಕಳಚಿದರೆ, ಮೈಗೆ ಹತ್ತಿರದಲ್ಲಿ ಅದನ್ನು ಮಡಚಿ ಕ್ಲಾಂಪಿನಿಂದ ಬಿಗಿಯಾಗಿ ಮುಚ್ಚಿಕೊಂಡೇ ಹೊರಡಿ.